ನರಳುವ ಎಂಜಿನ್ನಿಗೆ ನಾಡಿಪರೀಕ್ಷೆ

ಕಾರು ಕೆಡುವುದಕ್ಕೂ ಒಂದು ಮುಹೂರ್ತವಿದೆಯೆಂದು ನಂಬುವ ಗೃಹಸ್ಥರು ನಮ್ಮಲ್ಲಿ ಕಡಮೆಯಿಲ್ಲ. ಭಾನುವಾರ ಮಧ್ಯಾಹ್ನ ಮನೆಮಂದಿಯೆಲ್ಲ ಊಟ ಮುಗಿಸಿ ಒರಗಿರುವಾಗ ಅದು ಕೆಡುವುದಿಲ್ಲ. ಮಗಳ ಪರೀಕ್ಷೆಯ ಬೆಳಿಗ್ಗೆ, ಊರಿನಿಂದ ಬಂದ ಹಿರಿಯರನ್ನು ರೈಲಿಗೆ ಹತ್ತಿಸಬೇಕಾದ ರಾತ್ರಿ, ಜ್ವರದ ಮಗುವನ್ನು ವೈದ್ಯರಲ್ಲಿಗೆ ಒಯ್ಯಬೇಕಾದ ಅವೇಳೆಯಲ್ಲಿ ಅದು ತನ್ನ ಹಟ ತೋರಿಸುತ್ತದೆ. ಕೀಲಿಕೈ ತಿರುಗಿಸಿದರೆ ಎಂದಿನ ಚುರುಕಿಲ್ಲ. ‘ಊಂ... ಊಂ... ಊಂ...’ ಎಂದು, ಹೇರು ಹೊತ್ತು ದಿಣ್ಣೆಯೇರುವ ಮುದಿ ಎತ್ತಿನಂತೆ ನರಳಿ, ನಾಲ್ಕು ಸುತ್ತು ಸುತ್ತಿ ಸುಮ್ಮನಾಗುತ್ತದೆ.

ಅಷ್ಟರಲ್ಲಿ ಎದುರುಮನೆಯವರು ಬಾಗಿಲಿಗೆ ಬಂದು, “ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕಿಸಿಬಿಡಿ” ಎಂದು ತೀರ್ಪು ಕೊಟ್ಟಿರುತ್ತಾರೆ. ಹತ್ತರಲ್ಲಿ ಕೆಲವು ಸಲ ಆ ತೀರ್ಪು ಸರಿಯೇ. ಉಳಿದ ಸಲ ಐದಾರು ಸಾವಿರ ರೂಪಾಯಿ ವ್ಯಯವಾಗಿ, ವಾರದೊಳಗೆ ಅದೇ ನರಳಾಟ ಮತ್ತೆ ಕೇಳಿಸುತ್ತದೆ. ರೋಗವೊಂದು, ಮದ್ದೊಂದು ಆದುದರ ಫಲವಿದು. ನಿಧಾನವಾಗಿ ಸುತ್ತುವ ಎಂಜಿನ್ನು ‘ನನಗೆ ಶಕ್ತಿ ಸಾಲದು’ ಎಂದಷ್ಟೇ ಹೇಳುತ್ತಿದೆ. ಶಕ್ತಿ ಭಂಡಾರದಲ್ಲಿ ಇಲ್ಲವೋ, ಬರುವ ದಾರಿಯಲ್ಲಿ ಸೋರಿತೋ, ಬಂದರೂ ಹೊರೆಯೇ ಹೆಚ್ಚಾಯಿತೋ ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ನಾವೇ ಕಂಡುಕೊಳ್ಳಬೇಕು. ಕಂಡುಕೊಳ್ಳುವುದು ಅಷ್ಟೇನೂ ಕಷ್ಟವಲ್ಲ.

‘ಸೆಲ್ಫ್’ ಎಂಬ ಹೆಸರು

ನಮ್ಮ ಗ್ಯಾರೇಜುಗಳಲ್ಲಿ “ಸೆಲ್ಫ್ ಎತ್ತುತ್ತಿಲ್ಲ”, “ಸೆಲ್ಫ್ ಹೊಡೀರಿ” ಎಂಬ ಮಾತುಗಳನ್ನು ಕೇಳುತ್ತೇವೆ. ‘ಸೆಲ್ಫ್ ಸ್ಟಾರ್ಟರ್’ ಎಂಬ ಜೋಡುಪದದಲ್ಲಿ ಹಿಂದಿನದು ಉಳಿದು ಮುಂದಿನದು ಉದುರಿಹೋದ ರೂಪವಿದು. ಭಾಷೆಯ ವಿದ್ಯಾರ್ಥಿಗೆ ಇದರಲ್ಲೊಂದು ಚರಿತ್ರೆಯೇ ಅಡಗಿದೆ. ‘ತಾನಾಗಿ’ ಹೊರಡುವುದು ಒಂದು ವಿಶೇಷವೆನಿಸಬೇಕಾದರೆ, ತಾನಾಗಿ ಹೊರಡದಿದ್ದ ಕಾಲವೊಂದು ಇದ್ದಿರಲೇಬೇಕಲ್ಲವೆ?

ಇತ್ತು. ಮೋಟಾರು ಬಂಡಿಯ ಮೊದಲ ದಿನಗಳಲ್ಲಿ ಮುಂಭಾಗದ ರಂಧ್ರದೊಳಗೆ ಕಬ್ಬಿಣದ ಹ್ಯಾಂಡಲನ್ನು ತೂರಿಸಿ, ತೋಳಿನ ಬಲದಿಂದ ಎಂಜಿನ್ನನ್ನು ಸುತ್ತಿಸುತ್ತಿದ್ದರು. ಕಿಡಿ ಹೊತ್ತುಮುಂಚೆ ಹಾರಿದರೆ ಹ್ಯಾಂಡಲು ಹಿಮ್ಮುಖವಾಗಿ ಒದ್ದು ಮಣಿಕಟ್ಟು ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರು ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಕಾಣಿಸಿಕೊಂಡ ಮೇಲೆ ಈ ಕಷ್ಟ ಕ್ರಮೇಣ ತಪ್ಪಿತು. ಎಂಜಿನ್ನನ್ನು ಸುತ್ತಿಸಬಲ್ಲ ಮೋಟಾರು ಬೃಹತ್ತಾಗಿರಬೇಕೆಂದು ಇತರರು ಭಾವಿಸಿದ್ದಾಗ, ಕೆಲವೇ ಸೆಕೆಂಡು ದುಡಿಯುವ ಮೋಟಾರಿಗೆ ಅದರ ಯೋಗ್ಯತೆಗೆ ಮೀರಿದ ಹೊರೆ ಹೊರಿಸಬಹುದು ಎಂಬುದನ್ನು ಕೆಟರಿಂಗ್ ಗ್ರಹಿಸಿದ. ಇಂದಿಗೂ ಸ್ಟಾರ್ಟರಿನ ಸ್ವಭಾವ ಅದೇ. ಆದ್ದರಿಂದಲೇ ಅದನ್ನು ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ದುಡಿಸಬಾರದು. ನಡುವೆ ಒಂದು ನಿಮಿಷವಾದರೂ ಬಿಡುವು ಕೊಡಬೇಕು. ಕೋಪದಿಂದ ಕೀಲಿಕೈಯನ್ನು ಹಿಡಿದೇ ಕುಳಿತರೆ ಮೊದಲಿದ್ದ ರೋಗದ ಜೊತೆಗೆ ಸುಟ್ಟ ಸ್ಟಾರ್ಟರು ಎಂಬ ಇನ್ನೊಂದು ರೋಗ ಸೇರಿಕೊಳ್ಳುತ್ತದೆ.

ನಮ್ಮ ಹಳೆಯ ಅಂಬಾಸಡರ್ ಕಾರುಗಳ ಹಿಂಗೂಡಿನಲ್ಲಿ ಆ ಹ್ಯಾಂಡಲು ಬಹುಕಾಲ ಉಳಿದಿತ್ತು. ಸೆಲ್ಫ್ ಕೈಕೊಟ್ಟರೆ ಚಾಲಕರು ತೋಳು ಮಡಿಸಿ ಇಳಿಯುತ್ತಿದ್ದರು. ಇಂದಿನ ಕಾರುಗಳಲ್ಲಿ ಅದಕ್ಕೆ ರಂಧ್ರವೂ ಇಲ್ಲ. ಈಗ ಉಳಿದಿರುವ ಉಪಾಯ ತಿಳಿವಳಿಕೆಯೊಂದೇ.

ಕಿವಿಯ ಸಾಕ್ಷ್ಯ, ಕಣ್ಣಿನ ಸಾಕ್ಷ್ಯ

ಮೊದಲು ಕಿವಿಗೊಟ್ಟು ಕೇಳಿ. ಸ್ಟಾರ್ಟರು ಚುರುಕಾಗಿಯೇ ಸುತ್ತಿ ಎಂಜಿನ್ನು ಮಾತ್ರ ಹೊತ್ತಿಕೊಳ್ಳದಿದ್ದರೆ ಅದು ಬೇರೆಯ ಕಾಯಿಲೆ. ಅಲ್ಲಿ ಪೆಟ್ರೋಲು ಬರುತ್ತಿದೆಯೆ, ಕಿಡಿ ಹಾರುತ್ತಿದೆಯೆ ಎಂದು ನೋಡಬೇಕೇ ಹೊರತು ಬ್ಯಾಟರಿಯನ್ನು ಶಂಕಿಸಬಾರದು. ‘ಟಕ ಟಕ ಟಕ’ ಎಂದು ಸದ್ದಾಗಿ ಎಂಜಿನ್ನು ಅಲುಗಾಡದಿದ್ದರೆ, ಸ್ಟಾರ್ಟರಿನ ಮೇಲಿರುವ ಸಾಲಿನಾಯ್ಡ್ ಎಂಬ ವಿದ್ಯುದಯಸ್ಕಾಂತ ಎದ್ದೆದ್ದು ಬೀಳುತ್ತಿದೆಯೆಂದರ್ಥ. ಬ್ಯಾಟರಿ ತೀರ ಬರಿದಾದಾಗ ಹೀಗಾಗುವುದೇ ಹೆಚ್ಚು. ನಾವೀಗ ವಿಚಾರಿಸುತ್ತಿರುವುದು ಇವೆರಡರ ನಡುವಣ ಸ್ಥಿತಿಯನ್ನು. ಎಂಜಿನ್ನು ಸುತ್ತುತ್ತದೆ, ಆದರೆ ಸಾಲುವಷ್ಟು ಸುತ್ತುವುದಿಲ್ಲ.

ಸಾಮಾನ್ಯವಾದ ಪೆಟ್ರೋಲ್ ಎಂಜಿನ್ನನ್ನು ಸ್ಟಾರ್ಟರು ನಿಮಿಷಕ್ಕೆ ಇನ್ನೂರು ಸುತ್ತಿನ ಆಸುಪಾಸಿನಲ್ಲಿ ತಿರುಗಿಸುತ್ತದೆ. ವೇಗ ತಗ್ಗಿದರೆ ಸಿಲಿಂಡರಿನೊಳಗಿನ ಗಾಳಿ ಸರಿಯಾಗಿ ಒತ್ತಡಕ್ಕೆ ಸಿಲುಕದೆ ಪಿಸ್ಟನ್ನಿನ ಅಂಚಿನಿಂದ ಸೋರುತ್ತದೆ. ಅದೇ ಕ್ಷಣದಲ್ಲಿ ಸ್ಟಾರ್ಟರು ವಿದ್ಯುತ್ತನ್ನೆಲ್ಲ ಹೀರುವುದರಿಂದ ಕಿಡಿಯೂ ಮಂಕಾಗುತ್ತದೆ. ಇಂದಿನ ಕಾರುಗಳಲ್ಲಿ ಪೆಟ್ರೋಲ್ ಪಂಪೂ, ಎಂಜಿನ್ನಿನ ಗಣಕಯಂತ್ರವೂ ತಡವರಿಸುತ್ತವೆ. ಒತ್ತಿದ ಗಾಳಿಯ ಬಿಸಿಯಿಂದಲೇ ಹೊತ್ತಿಕೊಳ್ಳುವ ಡೀಸೆಲ್ ಎಂಜಿನ್ನಿಗಂತೂ ವೇಗ ತಗ್ಗಿದರೆ ಉಳಿಗಾಲವಿಲ್ಲ.

ಇನ್ನು ಕಣ್ಣಿನ ಪರೀಕ್ಷೆ. ಸಂಜೆಯ ಮಬ್ಬಿನಲ್ಲಿ ಕಾರನ್ನು ಗೋಡೆಯ ಎದುರಿಗೆ ನಿಲ್ಲಿಸಿ ಹೆಡ್‌ಲೈಟನ್ನು ಹಾಕಿ. ಮನೆಯವರೊಬ್ಬರು ಗೋಡೆಯ ಮೇಲಿನ ಬೆಳಕನ್ನು ನೋಡುತ್ತಿರಲಿ. ಈಗ ಸೆಲ್ಫ್ ಹೊಡೆಯಿರಿ. ಬೆಳಕು ಕೊಂಚ ತಗ್ಗುವುದು ಸಹಜ. ಅದು ಹಣತೆಯ ಮಟ್ಟಕ್ಕಿಳಿದರೆ ಬ್ಯಾಟರಿ ಸೊರಗಿದೆ, ಇಲ್ಲವೇ ಸ್ಟಾರ್ಟರು ಹೊರಲಾರದ ಹೊರೆಯನ್ನು ಎಳೆಯುತ್ತಿದೆ. ಫಕ್ಕನೆ ಪೂರ್ತಿ ಆರಿಹೋದರೆ ಬ್ಯಾಟರಿಯ ತುದಿಯಲ್ಲಿ ತಂತಿ ಸಡಿಲವಾಗಿರುವ ಸಂಭವ ಹೆಚ್ಚು. ಬೆಳಕು ಹಾಗೆಯೇ ಝಗಝಗಿಸುತ್ತಿದ್ದು ಎಂಜಿನ್ನು ಮಾತ್ರ ನರಳಿದರೆ? ಇದು ಎಲ್ಲಕ್ಕಿಂತ ಸ್ವಾರಸ್ಯವಾದ ಸಂದರ್ಭ. ಭಂಡಾರದಲ್ಲಿ ಧನವಿದೆ, ಅದು ಸ್ಟಾರ್ಟರನ್ನು ಮುಟ್ಟುತ್ತಿಲ್ಲ.

ನೂರರಲ್ಲೊಂದು ಓಮ್

“ಹಾರ್ನು ಜೋರಾಗಿದೆ, ದೀಪ ಉರಿಯುತ್ತಿದೆ, ಆದ್ದರಿಂದ ತಂತಿಗಳೆಲ್ಲ ಸರಿಯಾಗಿವೆ” ಎಂದು ವಾದಿಸುವವರುಂಟು. ಲೆಕ್ಕ ಹಾಕಿ ನೋಡೋಣ. ಸ್ನಾನದ ಮನೆಯ 2 ಕಿಲೋವಾಟಿನ ಗೀಸರು ಎಳೆಯುವ ವಿದ್ಯುತ್ಪ್ರವಾಹ ಸುಮಾರು 9 ಆಂಪಿಯರ್. ಚಿಕ್ಕ ಕಾರಿನ ಸ್ಟಾರ್ಟರು 100ರಿಂದ 200 ಆಂಪಿಯರ್ ಎಳೆಯುತ್ತದೆ. ಅದರ ಸಾಮರ್ಥ್ಯವೇನೋ ಒಂದು ಕಿಲೋವಾಟಿನ ಆಸುಪಾಸಿನದು. ಆದರೆ ವೋಲ್ಟೇಜು ಕೇವಲ 12. ವೋಲ್ಟೇಜು ತಗ್ಗಿದಷ್ಟೂ ಪ್ರವಾಹ ಹಿಗ್ಗಲೇಬೇಕು. ಬ್ಯಾಟರಿಯಿಂದ ಹೊರಡುವ ತಂತಿ ಹೆಬ್ಬೆರಳ ಗಾತ್ರಕ್ಕೆ ಸಮೀಪವಾಗಿರುವುದು ಇದಕ್ಕೇ.

ಈ ದಾರಿಯಲ್ಲಿ ಎಲ್ಲೋ ಒಂದೆಡೆ ತುಕ್ಕು ಹಿಡಿದು ಓಮಿನ ನೂರನೆಯ ಒಂದು ಭಾಗದಷ್ಟು ಅಡ್ಡಿ ಹುಟ್ಟಿತೆನ್ನಿ. ಎರಡು ಹೆಡ್‌ಲೈಟುಗಳ 10 ಆಂಪಿಯರ್ ಪ್ರವಾಹ ಅಲ್ಲಿ ಕಳೆದುಕೊಳ್ಳುವುದು ವೋಲ್ಟಿನ ಹತ್ತನೆಯ ಒಂದು ಭಾಗವನ್ನು. ಕಣ್ಣಿಗದು ತಿಳಿಯುವುದೇ ಇಲ್ಲ. ಸ್ಟಾರ್ಟರಿನ 150 ಆಂಪಿಯರ್ ಅದೇ ತುಕ್ಕಿನಲ್ಲಿ ಹಾಯ್ದರೆ ಒಂದೂವರೆ ವೋಲ್ಟು ಕರಗಿಹೋಗುತ್ತದೆ. ಕಾಲುದಾರಿಯಲ್ಲಿ ಒಬ್ಬೊಬ್ಬರೇ ನಡೆಯುವಾಗ ಬಿದ್ದ ಕಲ್ಲು ಯಾರಿಗೂ ಅಡ್ಡಿಯಲ್ಲ. ಅದೇ ದಾರಿಯಲ್ಲಿ ತೇರನ್ನೆಳೆದಾಗ ಆ ಕಲ್ಲಿನ ಬೆಲೆ ಗೊತ್ತಾಗುತ್ತದೆ. ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ನಮ್ಮ ಮನೆಯಂಗಳದಲ್ಲಿ ಹೀಗೆ ಪ್ರತ್ಯಕ್ಷವಾಗುತ್ತದೆ.

ಇತಿಹಾಸ ವಿಭಾಗದ ನನ್ನ ಸಹೋದ್ಯೋಗಿಯೊಬ್ಬರ ಕಾರಿನ ಕಥೆ ಇಲ್ಲಿ ಹೇಳತಕ್ಕದ್ದು. ಹನ್ನೆರಡು ವರ್ಷದ ಹಳೆಯ ಚಿಕ್ಕ ಕಾರು. ಅವರ ತಾಯಿಯನ್ನು ವಾರಕ್ಕೆ ಮೂರು ಸಲ ಬೆಳಗಿನ ಆರಕ್ಕೆ ಡಯಾಲಿಸಿಸ್ ಚಿಕಿತ್ಸೆಗೆ ಕರೆದೊಯ್ಯಬೇಕು. ಒಂದು ಸರದಿ ತಪ್ಪಿದರೆ ಆ ಜೀವಕ್ಕೆ ಸಂಕಟ. ಕಾರು ನರಳತೊಡಗಿದಾಗ ಅಂಗಡಿಯೊಂದರ ಮಾತಿನಂತೆ ಹೊಸ ಬ್ಯಾಟರಿ ಹಾಕಿಸಿದರು. ಐದು ದಿನ ಸೊಗಸಾಗಿ ನಡೆದು ಆರನೆಯ ದಿನ ಮತ್ತೆ ‘ಊಂ...’! ಸ್ಟಾರ್ಟರನ್ನೇ ಬದಲಿಸಬೇಕೆಂಬ ಸಲಹೆ ಬಂದಿತು. ಅಷ್ಟರಲ್ಲಿ ಅವರು ತಮ್ಮ ಬಡಾವಣೆಯ ಹಿಂದಿನ ಬೀದಿಯಲ್ಲಿ, ಹುಣಸೆಮರದ ಕೆಳಗೆ ಕೆಲಸ ಮಾಡುವ ವೃದ್ಧ ಮೆಕ್ಯಾನಿಕರೊಬ್ಬರಲ್ಲಿಗೆ ಹೋದರು. ಜೊತೆಗೆ ನಾನೂ ಇದ್ದೆ.

“ಮೇಷ್ಟ್ರೇ, ಬ್ಯಾಟರಿ ಹೊಸದು ಅಂತೀರಿ. ಹೊಸದಕ್ಕೆ ಕಾಯಿಲೆ ಯಾಕೆ ಬರ್ತದೆ? ಸ್ವಲ್ಪ ತಡೀರಿ” ಎಂದು ಆತ ಅಂಗೈಯಗಲದ ಮೀಟರೊಂದನ್ನು ತೆಗೆದರು. ಅದರ ಕಪ್ಪು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಗುಂಡಿಗೂ ಕೆಂಪು ಮೊನೆಯನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಒತ್ತಿ, “ಈಗ ಹೊಡೀರಿ ಸೆಲ್ಫ್” ಎಂದರು. ಮೀಟರು 1.9 ವೋಲ್ಟು ತೋರಿಸಿತು. ಎರಡೂ ಒಂದೇ ದಾರಿಯ ಎರಡು ತುದಿಗಳು. ನಡುವೆ ಕಾಣಬೇಕಾದ ವ್ಯತ್ಯಾಸ ಹೆಚ್ಚೆಂದರೆ 0.2 ವೋಲ್ಟು. ಗೇರುಪೆಟ್ಟಿಗೆಯಿಂದ ಕಾರಿನ ಮೈಗೆ ಬರುವ ಅರ್ಥ್ ತಂತಿ ಹೊರಗೆ ಕಪ್ಪಗೆ ಚೆನ್ನಾಗಿಯೇ ಇತ್ತು. ಹೊದಿಕೆ ಸೀಳಿದರೆ ಒಳಗಿನ ತಾಮ್ರದ ಎಳೆಗಳೆಲ್ಲ ಪಾಚಿಹಸುರಾಗಿ ಪುಡಿಪುಡಿಯಾಗಿದ್ದವು! ಹೊಸ ತಂತಿ ಹಾಕಿ, ಬೋಲ್ಟಿನ ತಳವನ್ನು ಉಪ್ಪುಕಾಗದದಿಂದ ಉಜ್ಜಿದ ಮೇಲೆ ಮೀಟರು 0.1ಕ್ಕೆ ಇಳಿಯಿತು, ಎಂಜಿನ್ನು ಅರೆಕ್ಷಣದಲ್ಲಿ ಹೊತ್ತಿಕೊಂಡಿತು. ಖರ್ಚು ಬ್ಯಾಟರಿಯ ಬೆಲೆಯ ಹತ್ತನೆಯ ಒಂದು ಭಾಗವೂ ಆಗಲಿಲ್ಲ.

ಹೊಸ ಬ್ಯಾಟರಿ ಐದು ದಿನ ನಡೆಸಿದ್ದು ಹೇಗೆ ಎಂದು ಓದುಗರು ಕೇಳಬಹುದು. ತುಂಬಿದ ಹೊಸ ಬ್ಯಾಟರಿಯ ಹುರುಪಿನಲ್ಲಿ ದಾರಿಯ ನಷ್ಟ ಕೆಲಕಾಲ ಮುಚ್ಚಿಹೋಗುತ್ತದೆ. ಅದರ ತುಂಬು ಕೊಂಚ ತಗ್ಗಿದೊಡನೆ ನಷ್ಟ ಮತ್ತೆ ತಲೆಯೆತ್ತುತ್ತದೆ. ಈ ಐದು ದಿನಗಳ ಸಮಾಧಾನವೇ ಎಷ್ಟೋ ಮಂದಿಯನ್ನು ದಾರಿತಪ್ಪಿಸುವುದು.

ಇಂಥ ಡಿಜಿಟಲ್ ಮೀಟರು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳಲ್ಲಿ ಕೆಲವೇ ನೂರು ರೂಪಾಯಿಗೆ ದೊರೆಯುತ್ತದೆ. ಅದನ್ನು 20 ವೋಲ್ಟಿನ ನೇರ ವಿದ್ಯುತ್ ಮಾಪನಕ್ಕಿಟ್ಟು ಮೊದಲು ಬ್ಯಾಟರಿಯ ಎರಡು ಗುಂಡಿಗಳ ನಡುವೆ ನೋಡಿ. ರಾತ್ರಿಯೆಲ್ಲ ಸುಮ್ಮನಿದ್ದ ತುಂಬಿದ ಬ್ಯಾಟರಿ 12.6 ವೋಲ್ಟು ತೋರಿಸಬೇಕು, 12.2 ಇದ್ದರೆ ಅರ್ಧ ತುಂಬಿದೆ. 12ಕ್ಕೂ ಕೆಳಗಿಳಿದರೆ ಬರಿದಾಗುತ್ತ ಬಂದಿದೆ. ಅನಂತರ ಸೆಲ್ಫ್ ಹೊಡೆಯುತ್ತಿರುವಾಗಲೇ ನೋಡಬೇಕು. ನಮ್ಮ ಹವೆಯಲ್ಲಿ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನೋ ಬಿಗಿದ ಯಂತ್ರವನ್ನೋ ಶಂಕಿಸಿ. 11ರ ಮೇಲೆಯೇ ನಿಂತಿದ್ದು ಎಂಜಿನ್ನು ನಿಧಾನವಾಗಿದ್ದರೆ ದೋಷ ದಾರಿಯಲ್ಲಿದೆ, ಇಲ್ಲವೇ ಸ್ಟಾರ್ಟರಿನ ಸವೆದ ಬ್ರಷ್ಷುಗಳಲ್ಲಿದೆ. ನನ್ನ ಮಟ್ಟಿಗೆ ಈ ಪ್ರಕರಣದ ಮುಖ್ಯ ಪರೀಕ್ಷೆ ಇದೇ. ಬ್ಯಾಟರಿ ಕೊಳ್ಳುವ ಮುನ್ನ ಇದನ್ನು ಮಾಡಿಸದ ಅಂಗಡಿಯಿಂದ ನಾನು ಎದ್ದುಬರುತ್ತೇನೆ. ಬ್ಯಾಟರಿಯ ಪಾಸಿಟಿವ್ ಗುಂಡಿಗೂ ಸ್ಟಾರ್ಟರಿನ ದಪ್ಪ ತಿರುಪಿಗೂ ನಡುವೆ ಅಳೆದರೆ ಆ ಕಡೆಯ ನಷ್ಟ ಸಿಗುತ್ತದೆ. ಅದು ಅರ್ಧ ವೋಲ್ಟು ಮೀರಬಾರದು.

ಈ ಪರೀಕ್ಷೆಗಳಿಗೆ ಮುನ್ನ ಗೇರು ನ್ಯೂಟ್ರಲಿನಲ್ಲಿರಲಿ, ಕೈಬ್ರೇಕು ಬಿಗಿದಿರಲಿ. ಸೀರೆಯ ಸೆರಗು, ಜಡೆ, ಸಡಿಲ ತೋಳು ಯಾವುದೂ ಫ್ಯಾನಿನ ಬಳಿ ಸುಳಿಯದಿರಲಿ. ನರಳುತ್ತಿದ್ದ ಎಂಜಿನ್ನು ಇದ್ದಕ್ಕಿದ್ದಂತೆ ಹೊರಟುಬಿಡಬಹುದು.

ಮೀಟರಿಲ್ಲದವರಿಗೆ ಅಡುಗೆಮನೆಯಲ್ಲಿಯೇ ಮೊದಲ ಚಿಕಿತ್ಸೆಯಿದೆ. ಬ್ಯಾಟರಿಯ ಗುಂಡಿಗಳ ಸುತ್ತ ಬೂಷ್ಟಿನಂತೆ ಬೆಳೆಯುವ ಬಿಳಿ, ನೀಲಿಹಸುರು ಪುಡಿಯೂ ವಿದ್ಯುತ್ತಿಗೆ ಅಡ್ಡಿಯೇ. ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ತಂತಿಯನ್ನು ಕಳಚಿ, ಬಿಸಿನೀರಿನಲ್ಲಿ ಅಡುಗೆ ಸೋಡಾ ಕದಡಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಬೇಕು. ಒರೆಸಿ ಒಣಗಿಸಿ ಲೋಹ ಹೊಳೆಯುವಂತೆ ಉಜ್ಜಿ, ತಂತಿಗಳನ್ನು ಬಿಗಿದ ಮೇಲೆ ವ್ಯಾಸಲೀನು ಸವರಬೇಕು. ಜೋಡಿಸುವಾಗ ನೆಗೆಟಿವ್ ಕೊನೆಯದು. ಆ ಪುಡಿ ಆಮ್ಲದ ಸಂತಾನವಾದ್ದರಿಂದ ಕಣ್ಣಿಗೆ, ಕೈಗೆ ತಾಗಬಾರದು.

ಬ್ಯಾಟರಿಯದೇ ತಪ್ಪಾದರೆ

ಬ್ಯಾಟರಿ ನಿರಪರಾಧಿಯೆಂದು ನಾನು ವಕಾಲತ್ತು ವಹಿಸುತ್ತಿಲ್ಲ. ಫ್ರಾನ್ಸಿನ ಗಾಸ್ತೋಂ ಪ್ಲಾಂತೆ 1859ರಲ್ಲಿ ನಿರ್ಮಿಸಿದ ಸೀಸ ಮತ್ತು ಆಮ್ಲದ ಬ್ಯಾಟರಿಯ ಮೂಲತತ್ತ್ವವೇ ನಮ್ಮ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಇಂದಿಗೂ ಸಾಮಾನ್ಯವಾಗಿ ನಡೆದುಬಂದಿದೆ. ಒಳಗೆ ಆರು ಕೋಶಗಳು, ಒಂದೊಂದಕ್ಕೆ 2.1 ವೋಲ್ಟು. ರಾತ್ರಿಯೆಲ್ಲ ಚಾರ್ಜು ಮಾಡಿದರೂ ಮೀಟರು 10.5ರ ಬಳಿಯೇ ನಿಂತರೆ ಒಂದು ಕೋಶ ಸತ್ತಿದೆ. ಅಂಥ ಬ್ಯಾಟರಿಗೆ ಉಪಚಾರ ವ್ಯರ್ಥ. ಚಳಿಗಾಲದಲ್ಲಿ ಬ್ಯಾಟರಿ ಕೈಕೊಡುವುದು ಶೀತದೇಶಗಳ ಕಥೆ. ನಮ್ಮ ಕಲಬುರಗಿ, ರಾಯಚೂರುಗಳ ಬೇಸಗೆ ಅದರ ನೀರನ್ನು ಹೀರಿ, ಒಳಗಿನ ಸೀಸದ ಜಾಲರಿಯನ್ನು ಕೊರೆದು ಆಯುಷ್ಯವನ್ನೇ ಕುಗ್ಗಿಸುತ್ತದೆ. ಮುಚ್ಚಳವಿರುವ ಬ್ಯಾಟರಿಗಳಿಗೆ ಗುರುತಿನ ಮಟ್ಟದವರೆಗೆ ಬಟ್ಟಿಯಿಳಿಸಿದ ನೀರನ್ನೇ ಹಾಕಬೇಕು. ನಲ್ಲಿಯ ನೀರು ಸಲ್ಲದು.

ಆರೋಗ್ಯವಾದ ಬ್ಯಾಟರಿಯೂ ಹಸಿವಿನಿಂದ ಸೊರಗಬಹುದು. ಹಿಂಬದಿಯ ಡಿಕ್ಕಿಯ 5 ವಾಟಿನ ದೀಪ ಆರದೆ ಉಳಿದರೆ ದಿನಕ್ಕೆ 10 ಆಂಪಿಯರ್ ಗಂಟೆ ಸೋರುತ್ತದೆ. ಚಿಕ್ಕ ಕಾರಿನ 35 ಆಂಪಿಯರ್ ಗಂಟೆಯ ಬ್ಯಾಟರಿ ನಾಲ್ಕನೆಯ ಬೆಳಿಗ್ಗೆ ಬರಿದು. 2020ರ ಲಾಕ್‌ಡೌನಿನಲ್ಲಿ ವಾರಗಟ್ಟಲೆ ನಿಂತ ಕಾರುಗಳು ಹೊರಡದೆ ಹೋದದ್ದನ್ನು ಅನೇಕರು ಮರೆತಿರಲಾರರು. ಬೆಂಗಳೂರಿನ ದಟ್ಟಣೆಯಲ್ಲಿ ಮೂರು ಮೈಲಿಯನ್ನು ಮುಕ್ಕಾಲು ಗಂಟೆ ತೆವಳುತ್ತ, ಹವಾನಿಯಂತ್ರಣ, ದೀಪ, ವೈಪರುಗಳನ್ನೆಲ್ಲ ನಡೆಸಿದರೆ, ಹೊರಡುವಾಗ ತೆಗೆದ ಸಾಲವನ್ನು ಆಲ್ಟರ್ನೇಟರು ತೀರಿಸಲಾಗದೆಯೂ ಹೋಗಬಹುದು.

ದಾರಿಯಲ್ಲಿ ಇನ್ನೊಂದು ಕಾರಿನ ಬ್ಯಾಟರಿಯ ನೆರವು ಪಡೆಯುವವರು ಕ್ರಮ ತಪ್ಪಬಾರದು. ಬ್ಯಾಟರಿಯಿಂದ ಹೊರಡುವ ಜಲಜನಕ ಒಂದು ಕಿಡಿಗೆ ಸಿಡಿಯಬಲ್ಲದು. ಸಿಡಿದರೆ ಮುಖಕ್ಕೆ ಹಾರುವುದು ಗಂಧಕಾಮ್ಲ. ಕೆಂಪು ತಂತಿ ಬರಿದಾದ ಬ್ಯಾಟರಿಯ ಪಾಸಿಟಿವಿಗೆ, ಅದರ ಇನ್ನೊಂದು ತುದಿ ಒಳ್ಳೆಯದರ ಪಾಸಿಟಿವಿಗೆ. ಕಪ್ಪು ತಂತಿ ಒಳ್ಳೆಯದರ ನೆಗೆಟಿವಿಗೆ, ಕಟ್ಟಕಡೆಯ ತುದಿ ಕೆಟ್ಟ ಕಾರಿನ ಎಂಜಿನ್ನಿನ ಬರಿಯ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಹೀಗೆ ಜೋಡಿಸಿದಾಗ ಕೊನೆಯ ಕಿಡಿ ಜಲಜನಕದಿಂದ ದೂರ ಹಾರುತ್ತದೆ. ಇಷ್ಟಾದರೂ ಎಂಜಿನ್ನು ನಿಧಾನವೇ ಆದರೆ ಬ್ಯಾಟರಿಯ ಮೇಲಿನ ಶಂಕೆ ಬಹುಮಟ್ಟಿಗೆ ತೀರಿತು. ತಳ್ಳಿ ಹೊರಡಿಸುವ ನಮ್ಮ ಸನಾತನ ಪದ್ಧತಿ ಕೈಗೇರಿನ ಕಾರುಗಳಿಗೆ ಮಾತ್ರ. ಆಟೊಮ್ಯಾಟಿಕ್ ಗೇರಿನ ಕಾರನ್ನು ಊರೇ ಸೇರಿ ತಳ್ಳಿದರೂ ಎಂಜಿನ್ನು ಹೊರಡದು.

ಬಿಗಿದ ಯಂತ್ರ

ಬ್ಯಾಟರಿ ತುಂಬಿದೆ, ದಾರಿ ಶುದ್ಧವಾಗಿದೆ, ಆದರೂ ನರಳುತ್ತಿದೆ ಎಂದರೆ ಹೊರೆಯನ್ನೇ ನೋಡಬೇಕು. ಬೆಳಿಗ್ಗೆ ಚೆನ್ನಾಗಿ ಹೊರಟು, ಬಿಸಿಯಾದ ಮೇಲೆ ನಿಲ್ಲಿಸಿದರೆ ಮಾತ್ರ ನರಳುವ ಕಾರಿನಲ್ಲಿ ಸ್ಟಾರ್ಟರಿನ ಒಳಗಿನ ಬುಷ್ಷುಗಳು ಸವೆದಿರಬಹುದು. ಹಳೆಯ ಡಿಸ್ಟ್ರಿಬ್ಯೂಟರಿನ ಕಾರುಗಳಲ್ಲಿ ಕಿಡಿಯ ಕಾಲ ಮುಂದಾಗಿರಬಹುದು. ಆಲ್ಟರ್ನೇಟರೋ ಹವಾನಿಯಂತ್ರಣದ ಕಂಪ್ರೆಸರೋ ಕಚ್ಚಿಕೊಂಡರೂ ಬೆಲ್ಟಿನ ಮೂಲಕ ಎಂಜಿನ್ನನ್ನು ಹಿಡಿದುನಿಲ್ಲಿಸುತ್ತವೆ. ಇಲ್ಲಿಂದ ಮುಂದೆ ಮೆಕ್ಯಾನಿಕರ ಅಧಿಕಾರ.

ಕೀಲಿಕೈಯನ್ನು ಮುಟ್ಟಲೇಬಾರದ ಸಂದರ್ಭವೊಂದುಂಟು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆಗಳ ಸುತ್ತ ಮಳೆನೀರು ನುಗ್ಗಿ ಕಾರುಗಳು ಮುಳುಗಿದ್ದು ನೆನಪಿರಬಹುದು. ಗಾಳಿಯ ಕೊಳವೆಯ ಮೂಲಕ ನೀರು ಸಿಲಿಂಡರಿಗೆ ಇಳಿದರೆ ಎಂಜಿನ್ನು ಅರ್ಧ ಸುತ್ತು ನರಳಿ ‘ಠಕ್’ ಎಂದು ನಿಲ್ಲುತ್ತದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಇನ್ನೊಮ್ಮೆ ಬಲವಂತ ಮಾಡಿದರೆ ಪಿಸ್ಟನ್ನನ್ನು ಹಿಡಿದ ಉಕ್ಕಿನ ಕೋಲು ಬಾಗುತ್ತದೆ. ಸಾವಿರದ ಲೆಕ್ಕ ಲಕ್ಷಕ್ಕೆ ಏರುತ್ತದೆ. ನೀರಿನಲ್ಲಿ ನಿಂತ ಕಾರನ್ನು ತಳ್ಳಬಾರದು, ಸೆಲ್ಫ್ ಹೊಡೆಯಲೂಬಾರದು. ಎತ್ತಿಸಿಕೊಂಡು ಹೋಗಿ, ಸ್ಪಾರ್ಕ್ ಪ್ಲಗ್ಗುಗಳನ್ನು ಕಳಚಿ ನೀರನ್ನು ಹೊರಹಾಕಿಸಬೇಕು.

ಕೊನೆಯದಾಗಿ, ಎಂಜಿನ್ನು ಹೊತ್ತಿಕೊಂಡಿತೆಂದು ಬಾನೆಟ್ಟನ್ನು ಒಡನೆ ಮುಚ್ಚಬೇಡಿ. ಎಂಜಿನ್ನು ನಡೆಯುತ್ತಿರುವಾಗಲೇ ಬ್ಯಾಟರಿಯ ಗುಂಡಿಗಳ ನಡುವೆ ಮೀಟರನ್ನು ಇನ್ನೊಮ್ಮೆ ಹಿಡಿಯಿರಿ. ಸಾಮಾನ್ಯವಾಗಿ 13.8ರಿಂದ 14.4 ವೋಲ್ಟು ಕಾಣಬೇಕು. 12.6ರಿಂದ ಮೇಲೇಳದಿದ್ದರೆ ಆಲ್ಟರ್ನೇಟರು ದುಡಿಯುತ್ತಿಲ್ಲ. ಆಗ ಮನೆಗೆ ತಿರುಗದೆ, ಎಂಜಿನ್ನನ್ನು ನಿಲ್ಲಿಸದೆ, ದೀಪ ಮತ್ತು ಹವಾನಿಯಂತ್ರಣಗಳನ್ನು ಆರಿಸಿ, ಹಗಲಿದ್ದಾಗಲೇ ಹತ್ತಿರದ ಗ್ಯಾರೇಜನ್ನು ಸೇರಿಕೊಳ್ಳಿ.